ಹೋಗಿ ಬಾ ಎನ್ನದ ಹಬ್ಬ

ಅಟ್ಟೂರು, ಯಲಹಂಕ
5-10-2017

ನನ್ನ ಮುದ್ದು ಪದ್ದುಗೆ, ಅಪ್ಪನ ಆಶೀರ್ವಾದ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಮನೆಯಲ್ಲಿ ಮಾತಾಡಿದರೆ ಕೇಳಿಸುತ್ತದಮ್ಮ. ಅದಕ್ಕೇ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಮೊದಲು ಮುಖ್ಯ ವಿಷಯ. ಆರೋಗ್ಯ ವಿಜ್ಞಾನದ ಬಿ.ಎಸ್ಸಿ. ಜೊತೆಯಲ್ಲೇ ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಪಾಠವನ್ನೂ ಓದಿ, ಐದು ವರ್ಷದ್ದನ್ನು ನಾಲ್ಕಕ್ಕೇ ಮುಗಿಸುವ ಅವಕಾಶ ಬಂದಿದೆ, ಆದರೆ ರಜೆ ಸಿಗುವುದಿಲ್ಲ, ಅಪ್ಪ ಒಬ್ಬನೇ, ಬೇಡವೆಂದು ಹೇಳಿ ದೀಪಾವಳಿಗೆ ಮನೆಗೆ ಬಂದುಬಿಡುತ್ತೇನೆ ಎಂದೆಯಲ್ಲ. ಬರಬೇಡ. ಟೈಮ್ ಅಂಡ್ ಟೈಡ್ ವೇಟ್ ಫಾರ್... ಕಾಲ ಯಾರಿಗೂ ಕಾಯುವುದಿಲ್ಲ ಅಂತೇನೋ, ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ನಿನ್ನಮ್ಮ ಡೆಂಗಿಯಲ್ಲಿ ಹೋದ ಮೇಲೆ ತಾನೇ ನೀನು ಈ ಓದು ಹಿಡಿದದ್ದು? ಬಿಡಬಾರದು.

ನಾನು ಚೆನ್ನಾಗಿದ್ದೇನೆ. ಒಬ್ಬನೇ ಅಂತಲೂ ಅಲ್ಲ.

ಹಿರಿಯರ ಹಬ್ಬದ ದಿನ ಅಮ್ಮನ ಸೀರೆ ಇಟ್ಟು, ಎಡೆ ಬಡಿಸಿ, ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತಿದ್ದೆ. ಹಿರಿಯರು ಉಂಡ ಮೇಲೆ ಬಾಗಿಲು ತಟ್ಟಿ, ಹೋಗಿ ಬನ್ನಿ ಅಂದೇ ತೆಗೆಯಬೇಕು, ನಮ್ಮಲ್ಲಿ ಹಾಗೆ. ಅಷ್ಟರಲ್ಲಿ ಸೊಳ್ಳೆಮರಿ ಸರ್ವೆಗೆ ಒಬ್ಬ ಹುಡುಗಿ ಬಂದಳು. ಶಿವಾನಿ ಅಂತ, ಕಲಬುರಗಿ ಕಡೆಯವಳು, ನಿನ್ನಂಥದ್ದೇ ಓದು. "ನೀರಿನ ಡ್ರಮ್ ನೋಡ್ತೀನ್ರಿ ಕಾಕಾ, ಲಗೂ ಮುಗಸ್ತೀನಿ" ಎಂದಳು. ನಿನ್ನನ್ನೇ ನೋಡಿದ ಹಾಗಾಯಿತು. ತಟ್ಟದೆ, ಏನೂ ಅನ್ನದೆ ಬಾಗಿಲು ತೆಗೆದುಬಿಟ್ಟೆ.

ಹಿತ್ತಲಿನಿಂದ ನಗುತ್ತಲೇ ಬಂದಳು. "ಕಾಕು ಭಾಳ ಜೋರ್ ಅದಾರ್ರಿ! ನಾ ಹೋಗೋದ್ರಾಗ ಡ್ರಮ್ ತಿಕ್ಕಿ ಬೋರಲ ಹಾಕಿ ನಿಂತಿದ್ರು. 'ಇಷ್ಟ್ ವರ್ಸ ಎಲ್ಲೋಗಿದ್ರೇ ನೀವೆಲ್ಲಾ?' ಅಂತ ನನಗ ಬೈದ್ರು."

ಹೋಗಿ ನೋಡಿದೆ. ಡ್ರಮ್ ಬೋರಲಾಗಿತ್ತು, ಇನ್ನೂ ತೊಟ್ಟಿಕ್ಕುತ್ತಿತ್ತು. ಹೆದರಿಕೆ ಆಗಲಿಲ್ಲ ಪದ್ದು, ಅಳು ಬಂತು.

ಈಗ ನಿನ್ನಮ್ಮ ಮನೆಯಲ್ಲಿ ಒಂದು ತೊಟ್ಟು ನೀರು ನಿಲ್ಲಲು ಬಿಡುವುದಿಲ್ಲ. ಕೊಡ, ಬಕೆಟ್ಟು, ನಾನು ಕುಡಿಯಲು ಇಟ್ಟುಕೊಂಡ ಚೊಂಬು, ಎಲ್ಲ ಬೋರಲು. ಬಾಯಾರಿದರೆ ಬೀದಿ ನಲ್ಲಿಗೆ ಹೋಗುತ್ತೇನೆ. ದಿನಾ ಒಂದೇ ಪ್ರಶ್ನೆ, "ಪದ್ದು ಯಾವಾಗ್ ಬತ್ತಾಳೆ?" ಪರೀಕ್ಷೆ ಇದೆ ಎಂದು ತಪ್ಪಿಸಿಕೊಳ್ಳುತ್ತೇನೆ. ಅವಳಿಗೆ ಓದು ಬಾರದ್ದು ಎಷ್ಟು ಒಳ್ಳೆಯದಾಯಿತು, ಈ ಕಾಗದ ಸಿಕ್ಕಿದರೂ ಚಿಂತೆಯಿಲ್ಲ.

ದೊಡ್ಡಮುನಿಯಮ್ಮ ಅತ್ತೆಗೆ ಹೇಳಿದ್ದಕ್ಕೆ, "ಏನ್ಲಾ ಆವ್ಲಾ, ಇಂಗಾ ಮಾಡೋದು? ಬಾಗ್ಲು ತಟ್ಟಿ ಕಳ್ಸ್‌ಬಿಡು, ಇನ್ನೂ ಒತ್ತು ಮೀರಿಲ್ಲ" ಎಂದು ಬೈದಳು. ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ನೀನು ನಾಳೆಯೇ ಸಹಿ ಹಾಕಿ ಸೇರಿಕೋ. ಹಾಸ್ಟೆಲಿನಲ್ಲೇ ದೀಪ ಹಚ್ಚು.

ಸದಾ ನಿನ್ನ ಒಳಿತನ್ನೇ ಬಯಸುವ,
ಅಪ್ಪ, ಆವಲಪ್ಪ

ಮರೆತ ಮಾತು: ಬರೆಯಬಾರದು ಅಂದುಕೊಂಡಿದ್ದೆ. ಹೋಗಿ ಬಾ ಅನ್ನಿಸಿಕೊಳ್ಳದೆ ಉಳಿದವರು ಒಬ್ಬರೇ ವಾಪಸು ಹೋಗುವುದಿಲ್ಲವಂತೆ, ಬರುವ ದೀಪಾವಳಿ ಅಮಾವಾಸ್ಯೆಗೆ ಮನೆಯವರೊಬ್ಬರ ಕೈ ಹಿಡಿದುಕೊಂಡೇ ಹೊರಡುವುದಂತೆ. ನಾನು ರೆಡಿ. ಆದರೆ ನೀನೂ ಮನೆಯಲ್ಲಿದ್ದರೆ ಅವಳು ಯಾರ ಕೈ ಹಿಡಿಯುತ್ತಾಳೆ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.