ಉಸ್ತುವಾರಿ ವಹಿಸಿಕೊಳ್ಳದ ಆಫೀಸರಿಗೆ

ಚಂದಾಪುರ
ಮಂಗಳವಾರ, 11 ಮಾರ್ಚ್ 2025

ಮೈದುನ ಶಶಿಕುಮಾರನಿಗೆ ಅತ್ತಿಗೆ ಜ್ಯೋತಿಲಕ್ಷ್ಮಿ ಬರೆಯುವುದು.

ಚೆನ್ನಾಗಿದ್ದೀಯಾ ಅಂತ ಮೊದಲು ಕೇಳಬೇಕು, ಕೇಳಿದ್ದೇನೆ. ಉತ್ತರ ಕೊಡುವ ತೊಂದರೆ ತೆಗೆದುಕೊಳ್ಳಬೇಡ. ಭಾನುವಾರ ನಿನ್ನ ಹೆಂಡತಿ ಶೈಲಜಾಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿದೆ, ನೀನು ಮಾಲ್‌ನಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದೆ. ಕೆನ್ನೆ ತುಂಬಿಕೊಂಡಿದೆ, ಮಾವನ ಮನೆಯ ಊಟ ಮೈಗೆ ಹತ್ತಿದೆ. ಇಲ್ಲಿ ನಿಮ್ಮಮ್ಮನಿಗೆ ಶುಗರ್ ಜಾಸ್ತಿಯಾಗಿದೆ, ಮಂಡಿನೋವು ಇದ್ದದ್ದೇ. ನೀನು ಟ್ರೈನಿಂಗಿಗೆ ಹೋಗಿದ್ದೀಯ ಅಂತ ಅವರಿಗೆ ಹೇಳಿಟ್ಟಿದ್ದೇವೆ. ದಿನಾ ಬೆಳಿಗ್ಗೆ ಎದ್ದು, "ನಮ್ ಶಶಿಗೆ ಅಲ್ಲಿ ಊಟ ಎಂಗದೆಯೋ ಏನೋ" ಅನ್ನುತ್ತಾರೆ. ಸಕ್ಕತ್ತಾಗಿದೆ ಅತ್ತೆ ಅಂತ ನಾನು ಹೇಳುತ್ತೇನೆ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಸಿಟ್ಟು ಬಂದರೆ ನನಗೆ ಕೈ ಚುರುಕಾಗುತ್ತದೆ ಅನ್ನುವುದು ನಿನಗೆ ಗೊತ್ತೇ ಇದೆ, ನೀನು ಹೋದಾಗಿನಿಂದ ಮನೆಯ ಪಾತ್ರೆಗಳೆಲ್ಲ ಹೊಸದರ ಹಾಗೆ ಹೊಳೆಯುತ್ತಿವೆ.

ಚಂದಾಪುರದಿಂದ ಬ್ರೂಕ್‌ಫೀಲ್ಡಿಗೆ ಯಾರಾದರೂ ಕಾಗದ ಬರೆಯುತ್ತಾರಾ ಅಂತ ಹಲ್ಲು ಕಿರಿಯಬೇಡ. ನನ್ನ ನಂಬರ್ ಬ್ಲಾಕ್ ಮಾಡಿರುವವನು ನೀನು. ಹೋದ ಶುಕ್ರವಾರ ಬಸ್ಸು ಬದಲಾಯಿಸಿಕೊಂಡು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬೆಂದು, ನಿಮ್ಮ ಮಾವನವರ ಅಪಾರ್ಟ್‌ಮೆಂಟಿನ ಗೇಟಿನ ತನಕ ಬಂದಿದ್ದೆ. ಸೆಕ್ಯುರಿಟಿಯವನು ಫೋನ್ ಒತ್ತಿ ನೋಡಿ, ಇನ್ನೊಮ್ಮೆ ಒತ್ತಿ ನೋಡಿ, "ಸಾರ್ ಅಪ್ರೂವ್ ಮಾಡ್ತಿಲ್ಲ ಮೇಡಂ" ಅಂದ. ಪಾಪ, ಅವನಿಗೇ ನಾಚಿಕೆಯಾಗಿ ಕೂರಲು ಪ್ಲಾಸ್ಟಿಕ್ ಕುರ್ಚಿ ಕೊಟ್ಟ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಏಳನೇ ಕ್ಲಾಸು, ಜ್ವರ ಬಂದರೆ ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದೆ. ಈಗ ನಾನು ಒಳಗೆ ಬರಬೇಕಾದರೆ ನೀನು ಮೊಬೈಲಿನಲ್ಲಿ ಬೆರಳು ಒತ್ತಬೇಕು. ಒತ್ತಲಿಲ್ಲ. ಆದ್ದರಿಂದ ಈ ಕಾಗದವನ್ನು ನಿಮ್ಮ ದಳದ ಮಲ್ಲಿಕ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನನ್ನೂ ಗೇಟಿನಲ್ಲಿ ನಿಲ್ಲಿಸಿದರೆ ಕಾಗದವನ್ನು ಸೆಕ್ಯುರಿಟಿಯವನ ಹತ್ತಿರ ಗಟ್ಟಿಯಾಗಿ ಓದಿಸಿ ಬಾ ಅಂತ ಹೇಳಿದ್ದೇನೆ.

ಈಗ ಪಾಠಕ್ಕೆ ಬರೋಣ. ಕಾರ್ಖಾನೆಗಳ ಸಂಘದವರು ಸೇರಿ ಕಟ್ಟಿಕೊಂಡ ನಿಮ್ಮ ಅಗ್ನಿಶಾಮಕ ದಳ ಸರ್ಕಾರದ್ದಲ್ಲದಿದ್ದರೂ ಶಿಸ್ತಿನಲ್ಲಿ ಯಾರಿಗೂ ಕಡಿಮೆಯಿಲ್ಲ ಅಂತ ಜಂಬ ಕೊಚ್ಚುತ್ತಿದ್ದವನು ನೀನು. ಆ ದಳದ ನಿಯಮಗಳ ಪುಸ್ತಕ ಹಿಡಿದು, ನಿನ್ನ ಪ್ರಮೋಷನ್ ಪರೀಕ್ಷೆಗೆ ಅಡುಗೆಮನೆಯಲ್ಲಿ ಪ್ರಶ್ನೆ ಕೇಳಿದವಳು ನಾನು. ನಾನು ಕಡಲೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ, ನೀನು ಸುಲಿದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ ಉತ್ತರ ಹೇಳುತ್ತಿದ್ದೆ. ಕೆಳಗೆ ಫೈರ್‌ಮನ್, ಅವನ ಮೇಲೆ ಲೀಡಿಂಗ್ ಫೈರ್‌ಮನ್, ಅವನ ಮೇಲೆ ಸ್ಟೇಷನ್ ಆಫೀಸರ್. ಬೆಂಕಿ ಬಿದ್ದ ಕಡೆ ಮೊದಲು ತಲುಪಿದವರಲ್ಲಿ ಯಾರದು ದೊಡ್ಡ ದರ್ಜೆಯೋ ಅವರದೇ ಉಸ್ತುವಾರಿ. ಆಮೇಲೆ ಇನ್ನೂ ಮೇಲಿನವರು ಬಂದರೆ, ಉಸ್ತುವಾರಿಯನ್ನು ನಾನು ವಹಿಸಿಕೊಂಡಿದ್ದೇನೆ ಅಂತ ಎಲ್ಲರಿಗೂ ಕೇಳುವ ಹಾಗೆ ವೈರ್‌ಲೆಸ್‌ನಲ್ಲಿ ಹೇಳಬೇಕು. ಹೇಳುವ ತನಕ ಮೊದಲಿನವರದೇ ಮಾತು, ಬಂದವರು ಯಾರಿಗೂ ಒಂದು ಆಜ್ಞೆಯನ್ನೂ ಕೊಡುವಂತಿಲ್ಲ. ಈ ಪ್ರಶ್ನೆಗೆ ನಿನಗೆ ಪೂರ್ತಿ ಅಂಕ ಬಂದಿತ್ತು. ಆ ದಿನ ನಿಮ್ಮಣ್ಣ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ಆದರೆ ನಮ್ಮ ಮನೆಯ ನಿಯಮ ಬೇರೆ. ನಿಮ್ಮಣ್ಣ ಕೂತಿದ್ದರೆ ನೀನು ನಿಂತೇ ಇರುತ್ತೀಯ, ಅವರು ತಟ್ಟೆಗೆ ಕೈ ಹಾಕುವ ತನಕ ನೀನು ತುತ್ತು ಮುರಿಯುವುದಿಲ್ಲ, ಅವರು ಮಾತಾಡುವಾಗ ನಿನ್ನ ಕಣ್ಣು ನೆಲದ ಮೇಲೆ. ಅಪ್ಪ ಸತ್ತ ಮನೆಯಲ್ಲಿ ಅಣ್ಣನೇ ಅಪ್ಪ ಅಂತ ಊರವರು ಮೆಚ್ಚಿಕೊಂಡರು, ನಾನೂ ಮೆಚ್ಚಿಕೊಂಡೆ. ನೀನು ಡಿಪ್ಲೊಮಾ ಮುಗಿಸಿ, ನಿಮ್ಮಣ್ಣ ಫೈರ್‌ಮನ್ ಆಗಿ ಸೇರಿ, ಲೀಡಿಂಗ್ ಫೈರ್‌ಮನ್ ಪಟ್ಟಿಯ ತನಕ ಏರಿ ತಲೆ ನರೆಸಿಕೊಂಡ ಅದೇ ದಳಕ್ಕೆ ಸೇರಿದೆ, ನಮ್ಮ ಕಣ್ಣೆದುರಿಗೇ ಅವರನ್ನು ದಾಟಿ ಆಫೀಸರಾದೆ. ಹೆಗಲಿಗೆ ಸ್ಟಾರ್ ಹಾಕಿಕೊಂಡ ಮೊದಲ ಪೆರೇಡಿನಲ್ಲಿ ಅವರು ನಿನಗೆ ಸಲ್ಯೂಟ್ ಹೊಡೆದರು. ಸಂಜೆ ನೀನು ಬಂದು ಅವರ ಕಾಲು ಹಿಡಿದು ಗೊಳೋ ಅಂದೆ. ಎಂಥ ತಮ್ಮ ಅಂತ ನಾನು ಬೆರಗಾಗಿ ನೋಡುತ್ತಿದ್ದೆ. ಆಮೇಲೂ ಸ್ಟೇಷನ್ನಿನಲ್ಲಿ ನೀನು ಅವರನ್ನು ಅಣ್ಣಾ ಅಂತಲೇ ಕರೆದೆ, ಅವರು ಹೂಂ ಅನ್ನದೆ ನೀನು ಜೀಪು ಹತ್ತುತ್ತಿರಲಿಲ್ಲವಂತೆ. ದಳದವರೆಲ್ಲ ಮುಸಿಮುಸಿ ನಗುತ್ತಿದ್ದರಂತೆ. ನಗಲಿ, ಅದರಿಂದ ಯಾರ ಮೈಯೂ ಸುಟ್ಟಿರಲಿಲ್ಲ.

ಆ ಥರ್ಮಾಕೋಲ್ ಗೋಡೌನಿನ ಬೆಂಕಿಗೆ ಮೊದಲ ಗಾಡಿಯಲ್ಲಿ ಹೋದವರು ನಿಮ್ಮಣ್ಣ. ಉಸ್ತುವಾರಿ ಅವರದು. ಫೈರ್‌ಮನ್ ಬಸುವನ್ನೂ ಇನ್ನೊಬ್ಬನನ್ನೂ ಪೈಪು ಕೊಟ್ಟು ಹಿಂದಿನ ಬಾಗಿಲಿನಿಂದ ಒಳಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ನೀನು ಜೀಪಿನಲ್ಲಿ ಬಂದೆ. ಬಂದವನು ವೈರ್‌ಲೆಸ್ ಎತ್ತಿ ಹೇಳಬೇಕಾದ ಮಾತು ಹೇಳಲಿಲ್ಲ. ಅಷ್ಟು ಜನರ ಮುಂದೆ ಅಣ್ಣನಿಗೆ ಇನ್ನು ನೀನು ಸುಮ್ಮನಿರು, ನನ್ನ ಮಾತು ನಡೆಯಲಿ ಅಂತ ಹೇಗೆ ಹೇಳುವುದು ಅಂತ ಕೈ ಕಟ್ಟಿಕೊಂಡು ಅವರ ಹಿಂದೆ ನಿಂತೆ, ಮನೆಯ ಹಜಾರದಲ್ಲಿ ನಿಲ್ಲುವ ಹಾಗೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಥಿನ್ನರ್ ಡ್ರಮ್ಮುಗಳಿರುವುದು ನಿನ್ನ ಕಣ್ಣಿಗೆ ಬಿತ್ತು. ಅಣ್ಣನ ಹಿಂದಿನಿಂದಲೇ ಮೆಲ್ಲಗೆ ಸರಿದು ಪಂಪಿನ ಹತ್ತಿರ ಹೋದೆ. ಅಲ್ಲಿದ್ದವನು ಮಲ್ಲಿಕ್, ನಮ್ಮ ಹಿಂದಿನ ಸಾಲಿನ ಬಾಡಿಗೆ ಮನೆಯವನೇ. ಒಂದು ವಾರ ನನಗೆ ಮುಖ ಕೊಡದೆ ತಪ್ಪಿಸಿಕೊಂಡು ತಿರುಗಿ, ಕೊನೆಗೆ ನಲ್ಲಿಯ ಹತ್ತಿರ ನನ್ನ ಕೈಗೆ ಸಿಕ್ಕಿಬಿದ್ದು ಹೇಳಿದ. "ಹಿಂದಿನ ಲೈನ್ ನಿಲ್ಸು, ಪಕ್ಕದ್ ಶೆಡ್‌ಗೆ ನೀರ್ ಬಿಡು ಅಂದ್ರು ಅಕ್ಕ. ನಿಮ್ಮಣ್ಣಂಗೆ, ಮುನಿರಾಜಣ್ಣಂಗೆ ಹೇಳಿದೀರಾ ಸಾರ್ ಅಂದೆ. ನಾನ್ ಹೇಳ್ತೀನಿ, ನೀನ್ ಮೊದ್ಲು ಮಾಡು ಅಂದ್ರು." ನೀನು ಹೇಳುವ ಹೊತ್ತಿಗೆ ಒಳಗೆ ಬಸುವಿನ ಕೈಯಲ್ಲಿ ಪೈಪು ಚಪ್ಪಟೆಯಾಗಿ ಜೋತುಬಿದ್ದಿತ್ತು, ಮೇಲಿನಿಂದ ಉರಿಯುವ ಥರ್ಮಾಕೋಲ್ ಕರಗಿ ಸುರಿಯುತ್ತಿತ್ತು. ಇನ್ನೊಬ್ಬ ಬಾಗಿಲ ಹತ್ತಿರವಿದ್ದವನು ಆಚೆ ಬಿದ್ದು ಉಳಿದುಕೊಂಡ. ಬಸುವಿನ ಎರಡೂ ಕೈ, ಕುತ್ತಿಗೆ, ಒಂದು ಕಿವಿ ಬೆಂದುಹೋದವು. ನೀರು ತಿರುಗಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಆ ಡ್ರಮ್ಮುಗಳು ಸಿಡಿದಿದ್ದರೆ ಎಷ್ಟು ಹೆಣ ಬೀಳುತ್ತಿತ್ತೋ. ಆದರೆ ಒಳಗಿರುವವರನ್ನು ಮೊದಲು ಹೊರಗೆ ಕರೆಯಬೇಕಲ್ಲವೇನೋ? ಕರೆಯಬೇಕಾದರೆ ಅಣ್ಣನ ಮುಂದೆ ಬಾಯಿ ಬಿಡಬೇಕಿತ್ತು. ನಿನ್ನ ಮರ್ಯಾದೆಗೆ ಬಸು ಬೆಲೆ ಕೊಟ್ಟ.

ಇದನ್ನೂ ಒಂದು ಗಾಬರಿಯ ಗಳಿಗೆ ಅಂತ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೆ ಇರುವುದು ಆಮೇಲಿನದು. ಸಂಘದವರು ವಿಚಾರಣೆಗೆ ಪಂಚಾಕ್ಷರಿ ಅನ್ನುವ ನಿವೃತ್ತ ಅಧಿಕಾರಿಯನ್ನು ಹಾಕಿದರು. ಅವರ ಮುಂದೆ ನೀನು ಏನು ಹೇಳಿದೆ? ನಾನು ಸ್ಥಳದಲ್ಲಿದ್ದೆ, ಆದರೆ ಉಸ್ತುವಾರಿ ವಹಿಸಿಕೊಂಡಿರಲಿಲ್ಲ. ಆಹಾ! ಪುಸ್ತಕದ ಪ್ರಕಾರ ಒಂದಕ್ಷರ ಸುಳ್ಳಿಲ್ಲ. ಪಂಪಿನ ಹತ್ತಿರ ಹೋದದ್ದನ್ನು ಮಾತ್ರ ನುಂಗಿಬಿಟ್ಟೆ. ಅಡುಗೆಮನೆಯಲ್ಲಿ ಕಡಲೆಕಾಯಿ ತಿಂದು ಕಲಿತ ನಿಯಮವನ್ನೇ ತಲೆಯ ಮೇಲೆ ಕೊಡೆ ಮಾಡಿ ಹಿಡಿದುಕೊಂಡೆ. ಹಾಗಾದರೆ ನೀರು ನಿಲ್ಲಿಸಲು ಹೇಳಿದ್ದು ಯಾರು ಅಂತ ಸಾಹೇಬರು ಕೇಳಿದಾಗ ನಿಮ್ಮಣ್ಣ ಎದ್ದು ನಿಂತು ನಾನೇ ಸಾರ್ ಅಂದರು. ನೀನು ಪಕ್ಕದ ಕುರ್ಚಿಯಲ್ಲಿದ್ದೆ, ಕಣ್ಣು ನೆಲದ ಮೇಲೆ. ಮಲ್ಲಿಕ್‌ಗೂ ಅವರೇ ಮೊದಲೇ ಹೇಳಿ ಬಾಯಿ ಹೊಲಿದಿದ್ದರು. ಮಾರನೆಯ ದಿನ ನೀನು ರಜೆ ಹಾಕಿ ಹೆಂಡತಿಯ ತವರು ಸೇರಿದೆ.

ನಿಮ್ಮಣ್ಣನನ್ನು ನಾನು ಸುಮ್ಮನೆ ಬಿಟ್ಟಿದ್ದೇನೆ ಅಂದುಕೊಳ್ಳಬೇಡ. ಯಾಕ್ರೀ ಹಾಗೆ ಹೇಳಿದ್ರಿ ಅಂತ ಎರಡು ದಿನ ಊಟಕ್ಕೆ ಬಡಿಸದೆ ಕೇಳಿದೆ. ಕೊನೆಗೆ ಬಾಯಿ ಬಿಟ್ಟರು. "ಅವ್ನು ಬಂದಿದ್ದು ನಾನ್ ನೋಡ್ದೆ ಕಣೇ. ಬಾರಪ್ಪ, ಇನ್ಮೇಲೆ ನೀನೇ ನೋಡ್ಕೋ ಅಂತ ನಾನೇ ಕರೀಬೇಕಿತ್ತು. ಅವ್ನು ನನ್ ಹಿಂದೆ ನಿಂತಿದ್ದು ನಂಗೆ ಒಂಥರಾ ಹಿತವಾಗಿತ್ತು." ಇಷ್ಟು ಹೇಳಿ ಎದ್ದು ಹೋದರು. ನನಗೆ ಇಬ್ಬರ ಮೇಲೂ ಸಮನಾಗಿ ಕೋಪ ಬಂತು. ಆದರೆ ಅವರು ತಮ್ಮ ಪಾಲಿಗಿಂತ ಜಾಸ್ತಿ ಹೊತ್ತುಕೊಂಡು ತಿರುಗುತ್ತಿದ್ದಾರೆ, ನೀನು ನಿನ್ನ ಪಾಲನ್ನೂ ಅವರ ತಲೆಗೆ ಏರಿಸಿ ಐಸ್‌ಕ್ರೀಮ್ ತಿನ್ನುತ್ತಿದ್ದೀಯ. ಗುರುವಾರ ಕೊನೆಯ ವಿಚಾರಣೆ. ಅವರ ತೋಳಿನ ಪಟ್ಟಿ ಕಿತ್ತು ದಳದಿಂದಲೇ ಹೊರಗೆ ಹಾಕುವುದು ಖಂಡಿತ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ.

ಅದಕ್ಕಿಂತ ಹೊಟ್ಟೆ ಉರಿಸುವುದು ಇನ್ನೊಂದಿದೆ. ದಿನಾ ಸಂಜೆ ನಿಮ್ಮಣ್ಣ ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗುತ್ತಾರೆ. ಬಸುವಿನ ಅಪ್ಪ ಚನಬಸಪ್ಪ ಗದಗದಿಂದ ಬಂದು ಮಗನ ಹತ್ತಿರ ಇದ್ದಾರೆ. ಇವರನ್ನು ಕಂಡರೆ ಬಾಗಿಲಲ್ಲೇ ನಿಂತು, "ಆಂವ ಮಲಗ್ಯಾನ್ರಿ" ಅನ್ನುತ್ತಾರಂತೆ. ಒಂದು ದಿನ ಬಾಗಿಲು ತೆರೆದಿತ್ತು, ಬಸು ಕಣ್ಣು ಬಿಟ್ಟುಕೊಂಡೇ ಇದ್ದ. ಇವರನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದನಂತೆ. ಈ ಮನುಷ್ಯ ಸುಟ್ಟ ಹೆಣಗಳನ್ನು ಹೊತ್ತು ತಂದ ದಿನವೂ ಮನೆಗೆ ಬಂದು ಎರಡು ಮುದ್ದೆ ಉಂಡವರು. ಅವತ್ತು ನೀರು ಕೂಡ ಮುಟ್ಟಲಿಲ್ಲ. ತಾನು ಒಳಗೆ ಕಳಿಸಿದ ಹುಡುಗ, ನನ್ನ ನೀರನ್ನು ಕಿತ್ತುಕೊಂಡವನು ಇವನೇ ಅಂತ ನಂಬಿದ್ದಾನೆ. ಪಟ್ಟಿ ಹೋದರೆ ಹೋಗಲಿ, ಹಿಂದಿನ ಸಾಲಿನಲ್ಲಿ ಇನ್ನೆರಡು ರೂಮು ಕಟ್ಟಿ ಬಾಡಿಗೆಗೆ ಕೊಟ್ಟು ಬದುಕುತ್ತೇವೆ. ಆದರೆ ಬಸುವಿನ ಈ ನಂಬಿಕೆಯನ್ನು ಹೊತ್ತುಕೊಂಡು ನಿಮ್ಮಣ್ಣ ಬದುಕಲಾರರು. ನಾನು ಬದುಕಲು ಬಿಡುವುದೂ ಇಲ್ಲ.

ಆದ್ದರಿಂದ ಗುರುವಾರ ನೀನು ಬರಬೇಕು. ಪಂಚಾಕ್ಷರಿ ಸಾಹೇಬರ ಮುಂದೆ ನಿಂತು, ಪಂಪಿನ ಹತ್ತಿರ ಹೋದದ್ದು ನಾನು, ಮಲ್ಲಿಕ್‌ಗೆ ಹೇಳಿದ್ದು ನಾನು ಅಂತ ಹೇಳಬೇಕು. ನಿಮ್ಮಣ್ಣ ನಡುವೆ ಎದ್ದು ಇಲ್ಲ ಸಾರ್, ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನುತ್ತಾರೆ, ನನಗೆ ಚೆನ್ನಾಗಿ ಗೊತ್ತು. ಆಗ ಅವರ ಮುಖ ನೋಡಿಯೇ, ಅಣ್ಣಾ ನೀನು ಕೂತುಕೋ ಅನ್ನಬೇಕು. ಅಷ್ಟು ದೊಡ್ಡ ಬೆಂಕಿಗೆ ಹೆದರದವನು ಅಣ್ಣನ ಮುಖಕ್ಕೆ ಹೆದರಿ ಎಷ್ಟು ದಿನ ಮಾವನ ಮನೆಯಲ್ಲಿ ಅಡಗಿರುತ್ತೀಯ? ನಿನ್ನ ಸ್ಟಾರ್ ಹೋಗಬಹುದು, ಸುಳ್ಳು ಸಮಾಧಾನ ನಾನು ಹೇಳುವುದಿಲ್ಲ. ಹೋದರೆ ಈ ಮನೆಗೆ ಬಾ, ಬಾಗಿಲಿಗೆ ಸೆಕ್ಯುರಿಟಿ ಇಟ್ಟಿಲ್ಲ. ಬರದೆ ಇದ್ದರೆ ಯುಗಾದಿಗೆ ಹೋಳಿಗೆ ತಟ್ಟುವಾಗ ನಿನ್ನ ಪಾಲಿನ ಹಿಟ್ಟು ಕಲಸುವುದಿಲ್ಲ, ಆ ಹಬ್ಬಕ್ಕೂ ಇಲ್ಲ, ಮುಂದಿನ ಯಾವ ಹಬ್ಬಕ್ಕೂ ಇಲ್ಲ.

ಶೈಲಜಾಳಿಗೆ ನನ್ನ ಆಶೀರ್ವಾದ, ಅವಳು ಏನೂ ತಪ್ಪು ಮಾಡಿಲ್ಲ, ನೀನು ಅವಳಿಗೆ ನಿಜ ಹೇಳಿರುವುದೂ ಅನುಮಾನ. ಅವಳ ತಂದೆತಾಯಿಗೆ ನಮಸ್ಕಾರ. ನಿನಗೆ ಸಲ್ಲಬೇಕಾದ ಆಶೀರ್ವಾದ ಸದ್ಯಕ್ಕೆ ನನ್ನ ಹತ್ತಿರವೇ ಇದೆ.

ಇಂತಿ,
ನಿನ್ನ ಅತ್ತಿಗೆ
ಜ್ಯೋತಿಲಕ್ಷ್ಮಿ

ತಾ.ಕ.: ಮಲ್ಲಿಕ್ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಬೇಗ ಗೀಚುತ್ತೇನೆ. ಮೇಲೆ ಬರೆಯುವಾಗ ಬೇಕೆಂದೇ ಮುಚ್ಚಿಟ್ಟ ಒಂದು ಮಾತಿದೆ. ನಿನ್ನೆ ಮಧ್ಯಾಹ್ನ ಯಾರಿಗೂ ಹೇಳದೆ ನಾನು ಆಸ್ಪತ್ರೆಗೆ ಹೋಗಿ, ನಡೆದದ್ದನ್ನೆಲ್ಲ ಬಸುವಿಗೆ ಹೇಳಿ ಬಂದೆ. ಗುರುವಾರ ಬೆಳಿಗ್ಗೆ ಅವನ ಹೇಳಿಕೆ ತೆಗೆದುಕೊಳ್ಳಲು ಸಾಹೇಬರು ಮೊದಲು ಅಲ್ಲಿಗೇ ಹೋಗುತ್ತಾರಂತೆ. ಅಂದರೆ ಬಸು ಬಾಯಿ ಬಿಟ್ಟರೆ ಸಾಕು, ನಿಮ್ಮಣ್ಣನನ್ನು ಉಳಿಸಲು ಈಗ ನೀನೇ ಬರಬೇಕು ಅಂತಿಲ್ಲ. ಎಲ್ಲ ಕೇಳಿದ ಮೇಲೆ ಬಸು, "ಶಶಿ ಸಾಹೇಬ್ರು ತಾವ ಬಂದು ನನ್ ಮುಂದ ಹೇಳ್ಲಿ ಅಕ್ಕಾರ. ಬುಧವಾರ ಸಂಜಿ ತನಕ ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ" ಅಂದ. ನಿನ್ನೆ ಸಂಜೆಯೇ ನಿಮ್ಮಣ್ಣನನ್ನು ತಾನೇ ಒಳಗೆ ಕರೆದು ನೀರು ಕುಡಿಸಲು ಹೇಳಿದನಂತೆ. ಯಾಕೆ ಕರೆದ ಅನ್ನುವುದು ಅವರಿಗೆ ಇನ್ನೂ ಗೊತ್ತಿಲ್ಲ, ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ನಾಳೆ ಬುಧವಾರ. ಭೇಟಿಯ ಸಮಯ ನಾಲ್ಕರಿಂದ ಆರು. ಹೆದರದೆ ಬಾ, ಎರಡೂ ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿರುವವನು ನಿನಗೆ ಹೊಡೆಯಲಾರ.