ಹತ್ತು ಎಲಚಿಯ ಕಷಾಯ

ಯುಜೌ, ಹೆನಾನ್ ಪ್ರಾಂತ್ಯ
ಅಕ್ಟೋಬರ್ 21, 1987

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಸುರಂಗ ಕೊರೆಯಲು ಒಳಗೆ ಹೋಗುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ಜೊತೆಯವರು ನಗುತ್ತಾರೆಂದು ಜೇಬಿನಲ್ಲೇ ಇಟ್ಟುಕೊಳ್ಳುತ್ತೀರೋ? ನಾನು ಹೊಲಿದು ಕಳಿಸಿದ ಹತ್ತಿಯ ಬೂಟುಗಳಲ್ಲಿ ಎಡಗಡೆಯದು ದೊಡ್ಡದಾಯಿತೆಂದು ಬರೆದಿದ್ದಿರಿ. ಕೂಲಂಕಷವಾಗಿ ಪರಿಶೀಲಿಸಲಾಗಿ, ತಪ್ಪು ಬೂಟಿನದಲ್ಲ, ಕಾಲಿನದು ಎಂದು ಈ ಕಚೇರಿ ತೀರ್ಮಾನಿಸಿದೆ. ಲಕೋಟೆ ದಪ್ಪಗಿರುವುದನ್ನು ನೋಡಿ ಮಗಳ ಪ್ರೀತಿ ಉಕ್ಕಿ ಹರಿದಿದೆಯೆಂದು ತಿಳಿಯಬೇಡಿ. ಒಳಗಿರುವ ಕಾಗದದ ಪೊಟ್ಟಣವನ್ನು ಪತ್ರ ಓದಿ ಮುಗಿಸುವ ತನಕ ಬಿಚ್ಚಕೂಡದು. ಇದು ಗೆಂಗ್ ಔಷಧಿ ಅಂಗಡಿಯ ಹಾಲಿ ಮುಖ್ಯಸ್ಥೆಯ ಆಜ್ಞೆ. ಸದರಿ ಮುಖ್ಯಸ್ಥೆ ಇವತ್ತು ಬೆಳಗಿನಿಂದ ಮಾಡಿದ ವ್ಯಾಪಾರವೆಂದರೆ, ಬಸ್ ನಿಲ್ದಾಣಕ್ಕೆ ದಾರಿ ಕೇಳಲು ಬಂದವನಿಗೆ ಒಂದು ಹಿಡಿ ಒಣ ಕಿತ್ತಳೆ ಸಿಪ್ಪೆ ಅಂಟಿಸಿ ಕಳಿಸಿದ್ದು.

ತಾತನಿಗೆ ಹುಷಾರಿಲ್ಲವೆಂದು ಎರಡು ಸಲ ಬರೆದೆ. ಎರಡು ಸಲವೂ ನೀವು ಹವಾಮಾನದ ಬಗ್ಗೆ ಉತ್ತರ ಬರೆದಿರಿ. ತಪ್ಪು ನಿಮ್ಮದಲ್ಲ. ಹೋದ ವರ್ಷ ಹೊಸ ವರ್ಷದ ಹಬ್ಬಕ್ಕೆ ನೀವು ಬರಲೆಂದು, ತಾತನ ಸ್ಥಿತಿ ಗಂಭೀರ ಎಂದು ಟೆಲಿಗ್ರಾಂ ಕೊಟ್ಟವಳು ನಾನೇ. ಮೂರು ದಿನ ರೈಲಿನಲ್ಲಿ ನಿಂತು ಬಂದ ನೀವು, ತಾತ ಕಟ್ಟೆಯ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದುದನ್ನು ಕಂಡು ಚೀಲವನ್ನು ಅಲ್ಲೇ ಕುಕ್ಕಿದಿರಿ. ಆ ಸದ್ದು ಈಗಲೂ ಕಿವಿಯಲ್ಲಿದೆ. ಆದ್ದರಿಂದ ಈ ಸಲ ಗಂಭೀರ ಎಂಬ ಪದವನ್ನು ನಾನು ಬಳಸುವುದಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ತಾತನ ಹೊಟ್ಟೆಯಲ್ಲಿ ನೀರು ತುಂಬಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಒಂದು ಬಕೆಟ್ ತೆಗೆದರು. ಎಂಟೇ ದಿನಕ್ಕೆ ಮತ್ತೆ ತುಂಬಿತು. ನನಗಿಂತ ನಾಲ್ಕು ವರ್ಷ ದೊಡ್ಡವನಿರಬಹುದಾದ ವೈದ್ಯ ನನ್ನನ್ನು ಹೊರಗೆ ಕರೆದು, ಯಕೃತ್ತು ಕಲ್ಲಾಗಿದೆ, ಮನೆಗೆ ಕರೆದುಕೊಂಡು ಹೋಗಿ, ಏನು ಇಷ್ಟವೋ ಅದನ್ನು ಕೊಡಿ ಎಂದ. ತಾತನಿಗೆ ಇಷ್ಟವಾದದ್ದು ಇನ್ನೇನು? ತಮ್ಮ ಅಂಗಡಿಯ ಗಿಡಮೂಲಿಕೆ ಖಾನೆಗಳು.

ಹೊಟ್ಟೆಯ ನೀರು ಇಳಿಸುವ ಹತ್ತು ಎಲಚಿಯ ಕಷಾಯ ಬೇಕೆಂದು ಹಟ ಹಿಡಿದರು. ತನಗೆ ತಾನೇ ಔಷಧಿ ಬರೆದುಕೊಳ್ಳುವ ಪದ್ಧತಿ ಇಲ್ಲವಲ್ಲ, ಅದಕ್ಕೆ ಗೆಳೆಯ ಬ್ಯೆನ್ ವೈದ್ಯರನ್ನು ಕರೆಸಿದರು. ಅದು ಗಟ್ಟಿ ಆಳುಗಳಿಗೆ ಕೊಡುವ ಮದ್ದು, ಎಪ್ಪತ್ತಾರು ವರ್ಷದ ಮುದುಕನಿಗಲ್ಲ ಎಂದು ಬ್ಯೆನ್ ವೈದ್ಯರು ಒಂದು ಹೂಜಿ ಚಹಾ ಮುಗಿಯುವವರೆಗೆ ವಾದಿಸಿದರು. ಕೊನೆಗೆ ಬರೆದುಕೊಟ್ಟು, ಕುಂಚ ತೊಳೆಯದೆ ಹೊರಟುಹೋದರು. ತಾತ ಹಾಸಿಗೆಯ ಮೇಲೆ ಕೂತೇ ಸಣ್ಣ ತಕ್ಕಡಿ ಹಿಡಿದು, ಎರಡು ಬಗೆಯ ವಿಷದ ಬೇರು, ಒಂದು ಬಗೆಯ ವಿಷದ ಮೊಗ್ಗು ತೂಗಿ ಪುಡಿ ಮಾಡಿಸಿದರು. ಹತ್ತು ಒಣ ಎಲಚಿ ಹಣ್ಣುಗಳನ್ನು ಕುದಿಸಿದ ನೀರಿನಲ್ಲಿ ಆ ಪುಡಿಯನ್ನು ಬೆಳಗಿನ ಖಾಲಿ ಹೊಟ್ಟೆಗೆ ಕುಡಿಯಬೇಕು. ಎಲಚಿ ಯಾಕೆ ಎಂದು ಕೇಳಿದರೆ, "ಮೂರು ಜನ ಕಳ್ಳರನ್ನ ಒಳಗೆ ಬಿಡ್ತಿದ್ದೀವಲ್ಲೇ ಕೋತಿ, ಕಾಯೋಕೆ ಹತ್ತು ಜನ ಪೊಲೀಸರು ಬೇಡ್ವಾ?" ಅಂದರು.

ಒಂಬತ್ತು ವರ್ಷದವಳಿದ್ದಾಗ ನಾನು ಮಾಡಿದ ಘನಕಾರ್ಯ ನಿಮಗೆ ನೆನಪಿರಬೇಕು. ಆ ವಿಷದ ಬೇರಿನ ಖಾನೆಗೆ ಜ್ಯೇಷ್ಠಮಧುವಿನ ಚೂರು ಬೆರೆಸಿ, ಯಾರು ಕಂಡುಹಿಡಿಯುತ್ತಾರೋ ನೋಡೋಣವೆಂದು ಬಾಗಿಲ ಹಿಂದೆ ಕೂತಿದ್ದೆ. ಎರಡೂ ಒಂದೇ ಹೊಟ್ಟೆಗೆ ಹೋದರೆ ಮನುಷ್ಯ ಉಳಿಯುವುದಿಲ್ಲ ಎಂಬುದನ್ನು ನಮ್ಮ ಬೀದಿಯ ಅಂಗಡಿಗಳಲ್ಲಿ ಕಸ ಗುಡಿಸುವವರೂ ಬಲ್ಲರು. ತಾತ ಮೂಸಿಯೇ ಹಿಡಿದರು. ಖಾನೆಯನ್ನು ಪೂರ್ತಿ ಸುಟ್ಟರು, ಮೂರು ದಿನ ಅಂಗಡಿ ಮುಚ್ಚಿದರು. ನೀವು ನನ್ನನ್ನು ತೋಫು ಮಾರುವ ಛೂ ಅತ್ತೆಯ ಮನೆಯಲ್ಲಿ ಬಚ್ಚಿಟ್ಟಿರಿ.

ಇನ್ನು ಫಲಿತಾಂಶ. ತಾತನ ಹೊಟ್ಟೆಯನ್ನು ನಾನು ದಾರದಿಂದ ಅಳೆದು ಗಂಟು ಹಾಕುತ್ತೇನೆ. ಬೀದಿಯ ಧ್ವನಿವರ್ಧಕದಲ್ಲಿ ಸುದ್ದಿ ಓದುವ ಹೆಂಗಸಿನ ಹಾಗೆ ಮೂಗಿನಲ್ಲಿ, "ಸಂಗಾತಿಗಳೇ, ಇವತ್ತಿನ ನೀರಿನ ಮಟ್ಟ" ಎಂದು ಸಾರುತ್ತೇನೆ. ಮೊದಲ ಸಲ ಕುಡಿದಾಗ ನಾಲ್ಕು ಸಲ ಹೊರಗೆ ಹೋಯಿತು, ಗಂಟು ಮೂರು ಬೆರಳು ಒಳಗೆ ಬಂತು. ತಾತ ಗಂಜಿ ಕುಡಿದು, ನಿನ್ನ ಅಪ್ಪನ ಮದುವೆಯ ಕೋಟು ಈಗ ನನಗೆ ಹಿಡಿಸುತ್ತೆ ನೋಡು ಅಂದರು. ಎರಡನೆಯ ಸಲ ಒಂದೇ ಬೆರಳು. ಮೂರನೆಯ ಸಲ ಬರೀ ವಾಂತಿ. ನಿನ್ನೆ ಅಳೆದರೆ ದಾರವೇ ಸಾಲಲಿಲ್ಲ. ನಾನು ಹಳೆಯ ಗಂಟನ್ನೇ ಓದಿದೆ. ತಾತ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಅರವತ್ತು ವರ್ಷ ತಕ್ಕಡಿ ಹಿಡಿದವರಿಗೆ ಸುಳ್ಳು ಅಳತೆ ತಿಳಿಯದೇ?

ಕುದಿಸಿದ ಎಲಚಿಯ ಚರಟವನ್ನು ಪದ್ಧತಿಯಂತೆ ದಾರಿಗೆ ಚೆಲ್ಲುತ್ತಿದ್ದೇನೆ. ತುಳಿದವರು ಕಾಯಿಲೆಯನ್ನು ಚೂರುಚೂರೇ ಹೊತ್ತುಕೊಂಡು ಹೋಗಲಿ. ಆದರೆ ಹೊಸ ರಸ್ತೆ ಆದಮೇಲೆ ಈ ಕಡೆ ಯಾರು ಬರುತ್ತಾರೆ? ಛೂ ಅತ್ತೆ ಮಾತ್ರ ಪಾಪ, ದಿನಾ ತನ್ನ ತೋಫು ಗಾಡಿಯನ್ನು ಬೇಕೆಂದೇ ಅದರ ಮೇಲೆ ಎರಡು ಸಲ ಓಡಿಸುತ್ತಾಳೆ.

ಅಮ್ಮನ ಸಮಾಧಿಯ ಕಳೆ ಕಿತ್ತಿದ್ದೇನೆ. ಛೂ ಅತ್ತೆ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬೆಚ್ಚಗಿರಿ. ಸುರಂಗದ ಆಚೆ ತುದಿಯಿಂದ ಕೊರೆಯುತ್ತಿರುವವರು ನಿಮಗೆ ಬೇಗ ಎದುರಾಗಲಿ.

ನಿಮ್ಮ ಕೋತಿ,
ಯಿನ್‌ಹ್ವಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ಸೈಕಲ್ ಬೆಲ್ ಹೊಡೆಯುತ್ತಿದ್ದಾನೆ. ಪೊಟ್ಟಣದಲ್ಲಿರುವುದು ಜ್ಯೇಷ್ಠಮಧು. ನಿನ್ನೆ ಬಾಯಿ ಒರೆಸುವಾಗ ತಾತ ನನ್ನ ಕೈ ಹಿಡಿದು, "ಕೋತಿ, ಚಿಕ್ಕವಳಿದ್ದಾಗ ಖಾನೆಯಲ್ಲಿ ಒಂದು ತಮಾಷೆ ಮಾಡಿದ್ಯಲ್ಲ, ಅದನ್ನ ಇನ್ನೊಂದ್ಸಲ ಮಾಡ್ತೀಯೇನೇ? ಈ ಸಲ ಬೈಯಲ್ಲ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಜ್ಯೇಷ್ಠಮಧುವಿನ ಖಾನೆಯನ್ನು ಎತ್ತಿಕೊಂಡು ಹೋಗಿ ನದಿಗೆ ಸುರಿದೆ. ಕೊನೆಯ ಹಿಡಿಯನ್ನು ಮಾತ್ರ ಬೆರಳುಗಳು ಬಿಡಲಿಲ್ಲ, ಅಪ್ಪಾ. ನಾಳೆ ಬೆಳಿಗ್ಗೆ ಮತ್ತೆ ಎಲಚಿ ಕುದಿಸಬೇಕು. ಅವರು ಮತ್ತೆ ಕೇಳುತ್ತಾರೆ. ಇದು ಮನೆಯಲ್ಲಿರಬಾರದು, ಅದಕ್ಕೇ ನಿಮಗೆ ಕಳಿಸಿದೆ. ಟೆಲಿಗ್ರಾಂ ಕೊಟ್ಟರೆ ನೀವು ನಂಬುವುದಿಲ್ಲ. ಪೊಟ್ಟಣ ಬಿಚ್ಚಿ, ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಸಿಹಿಯಾಗಿದೆ. ಆಮೇಲೆ ಹೊರಡಿ.