ಮೂವತ್ತೆರಡರ ಗೆರೆ

ಮಾರ್ಚ್ ಒಂಬತ್ತು, ಸೋಮವಾರ

ಪ್ರೀತಿಯ ತಕ್ಕಡಿ,

ಹೇಗಿದ್ದೀಯೆ? ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಕೂಸು ಬಿಟ್ಟರೆ ತಾನೇ ನಾನು ಪೆನ್ನು ಹಿಡಿಯುವುದು. ನಿನಗೆ ಪ್ರಯೋಗಾಲಯದ ಮುಖ್ಯಸ್ಥೆಯ ಪಟ್ಟ ಕಟ್ಟುತ್ತಾರಂತೆ, ಗುರುವಾರ ಪರೀಕ್ಷಕರ ಎದುರು ನಿನ್ನ ಪ್ರಯೋಗವನ್ನು ಮಾಡಿ ತೋರಿಸಿದರೆ ಸಾಕಂತೆ. ಕೇಳಿ ಹೊಟ್ಟೆ ತಣ್ಣಗಾಯಿತು.

ನೀನು ಕೇಳಿದ ಪುಡಿಯನ್ನು ಹೋದ ವಾರವೇ ಕಳಿಸಿದ್ದೇನೆ. ಅದೇ ಕೋಬಾಲ್ಟ್ ಮತ್ತು ಗಂಧಕದ ಪರಮಾಣುಗಳ ಗೊಂಚಲು, ಮೈತುಂಬ ಫಾಸ್ಫೀನ್ ಹೊದ್ದದ್ದು. ಕುದಿಸಿ, ಸೋಸಿ, ತೊಳೆದು ಕೊಡುವುದು ನನ್ನ ಪಾಲು. ಅದನ್ನು ನಿರ್ವಾತದಲ್ಲಿ ಹಾರಿಸಿ, ಹೊದಿಕೆ ಕಿತ್ತು, ಬೆತ್ತಲೆ ಗೊಂಚಲಿಗೆ ಆಮ್ಲಜನಕ ಉಣಿಸಿ ತೂಕ ನೋಡುವುದು ನಿನ್ನ ಪಾಲು. ಎಲ್ಲರೂ ನಿನ್ನನ್ನು ತಕ್ಕಡಿ, ನನ್ನನ್ನು ಗಂಧಕಿ ಎಂದು ಕರೆಯುತ್ತಿದ್ದುದೂ ಅದಕ್ಕೇ. ತೂಕ ಮೂವತ್ತೆರಡು ಹೆಚ್ಚಿದ ಗೆರೆ ಪರದೆಯ ಮೇಲೆ ಮೊದಲು ಎದ್ದ ದಿನ ನೀನು ಕುಣಿದಾಡಿದ್ದೆ. “ಆಮ್ಲಜನಕ ಹಿಡ್ಕೊಂಡಿತು ಕಣೇ, ಇನ್ನು ನಮ್ಮನ್ನ ಹಿಡಿಯೋರಿಲ್ಲ” ಅಂದೆ. ಲೇಖನ ಅಚ್ಚಾಗುವ ಹೊತ್ತಿಗೆ ನನ್ನ ಹೆಸರು ಅದರಲ್ಲಿ ಇರಲಿಲ್ಲ.

ಇಲ್ಲಿನ ಹೊಸ ಕೆಲಸದಲ್ಲಿ ನನಗೊಬ್ಬಳು ಸಹಾಯಕಿ ಸಿಕ್ಕಿದ್ದಾಳೆ. ನಿನಗೆ ಕೊಡುತ್ತಿದ್ದ ಹಾಗೆಯೇ ನಾನು ತೊಳೆದಿಟ್ಟಿದ್ದ ಪುಡಿಯ ಬಾಟಲಿಯ ಮುಚ್ಚಳ ತೆಗೆದವಳೇ ಮೂಗು ಹಿಡಿದುಕೊಂಡು, “ಅಕ್ಕಾ, ಇನ್ನೂ ನಾರ್ತಾ ಇದೆ, ತೊಳೆದಿದ್ದು ಸಾಲದು” ಅಂದಳು. ಅಂದರೆ ನಿನಗೆ ಕೊಟ್ಟ ಹಳೆಯ ಪುಡಿಯಲ್ಲೂ ಗಂಧಕ ಉಳಿದಿತ್ತು. ಗಂಧಕದ ಒಂದು ಪರಮಾಣುವಿನ ತೂಕ ಮೂವತ್ತೆರಡು, ಆಮ್ಲಜನಕದ ಜೋಡಿಯದೂ ಮೂವತ್ತೆರಡು. ನಿನ್ನ ಆ ಮುದಿ ಯಂತ್ರಕ್ಕೆ ಎರಡೂ ಒಂದೇ. ಆಮ್ಲಜನಕ ಬಿಡದೆ ಒಮ್ಮೆ ನೋಡುವಷ್ಟು ತಾಳ್ಮೆ ನಿನಗಿರಲಿಲ್ಲ. ಆ ನಾರುವ ಪುಡಿಯನ್ನು ನಾನು ಇಲ್ಲಿ ಹಾಗೆ ನೋಡಿಸಿದೆ. ಆಮ್ಲಜನಕ ಇಲ್ಲದೆಯೂ ನಿನ್ನ ಗೆರೆ ಕಲ್ಲಿನ ಹಾಗೆ ನಿಂತಿತ್ತು.

ಈಗ ಕಳಿಸಿದ್ದನ್ನು ಆ ಹುಡುಗಿಯ ಮೂಗು ಒಪ್ಪುವವರೆಗೂ ತೊಳೆಸಿದ್ದೇನೆ. ಇಷ್ಟು ಶುದ್ಧವಾದದ್ದು ನಿನಗೆ ಬಹುಕಾಲದಿಂದ ಸಿಕ್ಕಿಲ್ಲ. ಎಷ್ಟು ಆಮ್ಲಜನಕ ಬಿಟ್ಟರೂ ಗೆರೆ ಏಳುವುದಿಲ್ಲ. ಫೋನ್ ಮಾಡಿ ಹೇಳಬಹುದಿತ್ತು, ಆದರೆ ಪತ್ರವೇ ಚೆಂದ ಅನ್ನಿಸಿತು. ಶುಕ್ರವಾರ ನಿನ್ನ ಕೈ ಸೇರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನ್ನ ಬಾಳು ತಂಪಾಗಿರಲಿ.

ನಿನ್ನ
ಗಂಧಕಿ

ತಾ.ಕ.: ಮೊದಲೆಲ್ಲ, ಆ ಗೆರೆ ಏಳುವುದಕ್ಕೂ ಮುಂಚೆ, ತೊಳೆದದ್ದು ಸಾಕೋ ಇಲ್ಲವೋ ಎಂದು ನನ್ನ ಮೂಗೇ ಹೇಳುತ್ತಿತ್ತು. ನಿನ್ನ ಯಂತ್ರ ಅದುರುತ್ತದೆಂದು ನೀನು ನನಗೊಂದು ಮಾತೂ ಹೇಳದೆ ನನ್ನ ಕೋಣೆಯ ಹೊಗೆ ಎಳೆಯುವ ಫ್ಯಾನನ್ನು ಆರಿಸಿದೆಯಲ್ಲ, ಅಂದು ಕೊಳೆತ ಮೊಟ್ಟೆಯ ನಾತ ಗಪ್ಪನೆ ಬಂತು, ತಟ್ಟನೆ ಹೋಯಿತು. ಅನಿಲ ಹೋಯಿತೆಂದುಕೊಂಡು ನಾನು ಕೆಲಸ ಮುಂದುವರಿಸಿದೆ. ಹೋದದ್ದು ಮೂಗು. ನೀನು ಆಸ್ಪತ್ರೆಗೆ ಬಂದು, “ಜೀವ ಉಳೀತಲ್ಲ, ಮೂಗೇನು ಮಹಾ” ಅಂದೆ. ಕೂಸನ್ನು ನೋಡಲು ಬಂದವರೆಲ್ಲ ಅದರ ನೆತ್ತಿ ಮೂಸಿ ಕಣ್ಣು ಮುಚ್ಚುತ್ತಾರೆ. ಅತ್ತೆ ನೋಡುತ್ತಿರುತ್ತಾರೆಂದು ನಾನೂ ಹಾಗೇ ಮೂಸಿ ಕಣ್ಣು ಮುಚ್ಚುತ್ತೇನೆ. ಮೊನ್ನೆ ಕಣ್ಣು ಮುಚ್ಚಿ ಕುಳಿತಿದ್ದಾಗ ಅವರು ನನ್ನ ಮಡಿಲಿಂದ ಕೂಸನ್ನು ಕಿತ್ತುಕೊಂಡರು. “ಮಗು ಕಕ್ಕ ಮಾಡಿ ಎಷ್ಟು ಹೊತ್ತಾಯ್ತೋ ಏನೋ, ಎಂಥ ತಾಯಮ್ಮ ನೀನು” ಅಂದರು.